ಏದುಸಿರಿನ ಉತ್ತರಗಳು

ಯಾವ ಮೆಸೇಜು ಬಂದರೂ ಹೆಬ್ಬೆರಳಿನ ಚಿತ್ರವೊಂದನ್ನು ಕಳಿಸಿ ಕೈತೊಳೆದುಕೊಳ್ಳುವವಳು ನಾನು. ಮದುವೆಯ ಕರೆಯಾಗಲಿ, ನಾದಿನಿಯ ಹಲ್ಲುನೋವಾಗಲಿ, ಎಲ್ಲಕ್ಕೂ ಅದೇ ಹೆಬ್ಬೆರಳು. ಇಂಥವಳನ್ನೇ ಹುಡುಕಿಕೊಂಡು ಮೊಬೈಲಿನಲ್ಲಿ ಜನರ ಆರೋಗ್ಯ ವಿಚಾರಿಸುವ ಕೆಲಸ ಬಂತು. "ಮದ್ಲು ತಂಗಿ ಹಲ್ಲುನೋವು ಎಂತಾತು ಕೇಳೇ, ಆಮೇಲೆ ಊರೋರ ಸುದ್ದಿ" ಎಂದರು ನನ್ನವರು.

ಶಾಲೆಯ ನೌಕರಿಯಿಂದ ನಿವೃತ್ತಳಾಗಿ ಇಸಳೂರಿನ ಹೊಸ ಮನೆಯಲ್ಲಿ ಹೂಗಿಡಗಳಿಗೆ ನೀರು ಹಾಕಿಕೊಂಡಿದ್ದೆ. ಒಲೆಯ ಹೊಗೆಗೂ ಉಸಿರಾಟಕ್ಕೂ ಇರುವ ನಂಟನ್ನು ಅಧ್ಯಯನ ಮಾಡುವ ಡಾಕ್ಟರೊಬ್ಬರು, ಬಸ್ಸು ಹೋಗದ ಊರುಗಳ ಪರಿಚಯ ಇದ್ದವರು ಬೇಕೆಂದು ನನ್ನನ್ನು ಹಿಡಿದರು. ಹೆಗ್ಗರಣೆಯ ಆಚೆ ಕಣಿವೆಯೊಳಗಿನ ಒಂದು ಕೇರಿ ನನ್ನ ಪಾಲಿಗೆ ಬಂತು. ಅಲ್ಲಿಯ ಹೆಂಗಸರು ವಾರಕ್ಕೊಮ್ಮೆ ಉಸಿರು, ಕೆಮ್ಮಿನ ಸಮಾಚಾರವನ್ನು ವಾಯ್ಸ್ ಮೆಸೇಜಿನಲ್ಲಿ ಹೇಳಬೇಕು, ನಾನು ಅದನ್ನು ಡಾಕ್ಟರಿಗೆ ದಾಟಿಸಬೇಕು.

ಹಳೆಯ ಕಾವ್ಯಗಳಲ್ಲಿ ಈ ಕೆಲಸಕ್ಕೆ ಹಂಸವೋ ಗಿಳಿಯೋ ಇರುತ್ತಿತ್ತು. ಅವು ನಾಯಕಿ ಹೇಳಿಕಳಿಸಿದ್ದನ್ನಷ್ಟೇ ಒಪ್ಪಿಸಿ ಸುಮ್ಮನಾಗುತ್ತಿರಲಿಲ್ಲ. ಸೊರಗಿದ್ದಾಳೆ, ಬಳೆ ಮೊಣಕೈಗೆ ಜಾರುತ್ತಿದೆ ಎಂದು ಕಣ್ಣಾರೆ ಕಂಡದ್ದನ್ನೂ ಸೇರಿಸುತ್ತಿದ್ದವು. ಪಾಪ, ಮೊಬೈಲಿಗೆ ಆ ಚಾಡಿ ಬುದ್ಧಿ ಇಲ್ಲ.

ಮೊದಲ ವಾರದ ಉತ್ತರಗಳನ್ನು ಕೇಳಿ ನಾನು ಗಾಬರಿಯಾದೆ. "ಅಕ್ಕೋರೇ... ಉಸ್ಸಪ್ಪಾ... ಕೆಮ್ಮು ಇಲ್ಲ... ಆರಾಮ..." ಎಲ್ಲರದ್ದೂ ಏದುಸಿರೇ. ಡಾಕ್ಟರು ಫೋನು ಮಾಡಿ, "ಇಡೀ ಕೇರಿಗೇ ತೊಂದರೆ ಇದ್ದಂತಿದೆಯಲ್ಲ ಮೇಡಂ!" ಎಂದರು. ಮಾದೇವಿ ಎಂಬವಳ ದನಿ ಮಾತ್ರ ಕೆರೆಯ ನೀರಿನಷ್ಟು ತಣ್ಣಗೆ: "ಎಂತದೂ ಇಲ್ಲ ಅಕ್ಕೋರೆ, ಆರಾಮ." ಡಾಕ್ಟರಿಗೆ ಅವಳ ಮೇಲೆ ವಿಶೇಷ ಅಭಿಮಾನ ಹುಟ್ಟಿತು. ಅವಳ ಮನೆಯ ಒಲೆ ಯಾವ ಬಗೆಯದೆಂದು ನೋಡಿ ಬರಲು ನನ್ನನ್ನು ಅಟ್ಟಿದರು.

ಕೇರಿ ಮುಟ್ಟಿದಾಗ ಮೊಬೈಲಿನಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ. "ಇಲ್ಲಿ ಸಿಗೂದಿಲ್ಲ ಅಕ್ಕೋರೆ, ಮೇಲೆ ಹೋಗ್ಬೇಕು" ಎಂದು ಮಾದೇವಿಯ ನೆರೆಮನೆಯ ನಾಗವೇಣಿ ಗುಡ್ಡದ ನೆತ್ತಿ ತೋರಿಸಿದಳು. ಬಂದು ಮುಟ್ಟಿದ್ದನ್ನು ಡಾಕ್ಟರಿಗೆ ತಿಳಿಸೋಣವೆಂದು ಹತ್ತಿದೆವು. ಎಷ್ಟೋ ಸಲ ಕೂತು, ಅವಳ ಕೈ ಹಿಡಿದು, ಸೆರಗಿನಲ್ಲಿ ಮುಖ ಒರೆಸಿಕೊಂಡು ತುದಿ ಮುಟ್ಟಿದ್ದೇ ಡಾಕ್ಟರಿಗೊಂದು ವಾಯ್ಸ್ ಕಳಿಸಿದೆ. ತಕ್ಷಣ ಉತ್ತರ ಬಂತು: "ಮೇಡಂ, ನಿಮಗೂ ಶುರುವಾಯಿತೇ?"

ನಾಗವೇಣಿಯೂ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. "ಹಾಗಾದ್ರೆ ಮಾದೇವಿಗೆ ಮಾತ್ರ ಯಾಕೆ ಏದುಸಿರು ಬರೋದಿಲ್ಲ?" ಎಂದೆ. ನಾಗವೇಣಿಯ ನಗು ನಿಂತಿತು.

"ಅವ್ಳಿಗೆ ಗುಡ್ಡ ಹತ್ತೂಕೆ ಆಗೂದಿಲ್ಲ ಅಕ್ಕೋರೆ. ಮನೇಲೇ ಕೂತು ಮಾತಾಡಿ ಕೊಡ್ತಾಳೆ. ನಾ ಮೊಬೈಲು ಇಲ್ಲಿಗೆ ತರ್ತೆ, ಸಿಗ್ನಲ್ ಸಿಕ್ಕಕೂಡ್ಲೆ ಅದೇ ಹೋಗ್ತದೆ."

 ದಡಬಡನೆ ಇಳಿದು ಮಾದೇವಿಯ ಮನೆಗೆ ಬಂದೆ. ಜಗಲಿಯಲ್ಲಿ ಗೋಡೆಗೆ ಒರಗಿದ್ದ ಮಾದೇವಿ ನನಗೆ ನೀರು ತರಲು ಎದ್ದಳು. ಬಾಗಿಲಿಂದ ನನ್ನ ತನಕ ಬರುವುದರೊಳಗೆ ಕಂಬ ಹಿಡಿದು ನಿಂತುಬಿಟ್ಟಳು. ಬಳೆಗಳು ಮೊಣಕೈಯ ಹತ್ತಿರವಿದ್ದವು. ಉಸಿರು ತಹಬಂದಿಗೆ ಬಂದ ಮೇಲೆ ಹೇಳಿದಳು: "ಹೆಂಗಿದ್ದೆ ಅಂತ ಕೇಳಿದ್ರಿ. ಕೂತಲ್ಲಿ ಆರಾಮೇ ಅಕ್ಕೋರೆ. ಸುಳ್ಳು ಹೇಳ್ಲಿಲ್ಲ."

ಅಂದೇ ಜೀಪು ಮಾಡಿ ಸಿದ್ದಾಪುರದ ಆಸ್ಪತ್ರೆಗೆ ಕರೆದೊಯ್ದೆವು. ಮೈಯಲ್ಲಿ ರಕ್ತ ತೀರಾ ಕಡಿಮೆಯಾಗಿತ್ತು. ಇನ್ನಷ್ಟು ದಿನ ಬಿಟ್ಟಿದ್ದರೆ ಜೀವಕ್ಕೇ ಅಪಾಯವಿತ್ತು ಎಂದರು. ರಕ್ತ ಕೊಟ್ಟರು, ಮಾತ್ರೆ ಬರೆದರು. ಒಲೆಯ ಹೊಗೆಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಆದರೂ ಡಾಕ್ಟರು ತಮ್ಮ ಪ್ರಶ್ನೆಗಳ ಮೊದಲಿಗೆ ಹೊಸದೊಂದನ್ನು ಸೇರಿಸಿದರು: ಎಲ್ಲಿಂದ ಮಾತಾಡುತ್ತಿದ್ದೀರಿ?

ಮೊನ್ನೆ ಗಿಡಕ್ಕೆ ನೀರು ಹಾಕುತ್ತಿದ್ದಾಗ ಒಂದು ವಾಯ್ಸ್ ಬಂತು. ಮೊದಲು ಬರೀ ಏದುಸಿರು. ಆಮೇಲೆ, "ಅಕ್ಕೋರೇ... ನಾನು... ಮಾದೇವಿ... ಗುಡ್ಡದ ಮೇಲಿಂದ..." ಮತ್ತೆ ಏದುಸಿರು, ನಡುವೆ ನಗು, ಹಿಂದೆ ನಾಗವೇಣಿಯ ಕೇಕೆ.

ಅಷ್ಟು ಚಂದದ ಏದುಸಿರನ್ನು ನಾನು ಕೇಳಿದ್ದೇ ಇಲ್ಲ. ಹೆಬ್ಬೆರಳನ್ನು ಕಳಿಸುವ ಹಳೇ ಚಾಳಿಯನ್ನು ಇವತ್ತಾದರೂ ಬಿಡೋಣ, ಬಾಯ್ತುಂಬ ಮಾತಾಡೋಣ ಎಂದು ಮೈಕಿನ ಗುರುತು ಒತ್ತಿ ಹಿಡಿದೆ. ಆ ನಗುವನ್ನು ಇನ್ನೊಮ್ಮೆ ಕೇಳಬೇಕೆನಿಸಿ ಬೆರಳು ತೆಗೆದೆ. ಕೊನೆಗೆ ಹೋದದ್ದು ಹೆಬ್ಬೆರಳೇ.