ಸೇಬ್ರುನ್ ಸೇತುವೆಯ ಮೇಲಿಂದ

ಬೆಳಿಗ್ಗೆ ಬೇಗ ಹೊರಡಬೇಕೆಂದು ಅಂದುಕೊಂಡವರು ಕ್ಯಾಂಪ್‌ಸೈಟಿನ ಗೇಟು ದಾಟಿದಾಗ ಹತ್ತಕ್ಕೆ ಐದೇ ನಿಮಿಷ ಬಾಕಿ. ಹತ್ತು ದಾಟಿದರೆ ಇನ್ನೊಂದು ದಿನದ ಬಾಡಿಗೆ ಎಂದು ಆಫೀಸಿನವನು ರಾತ್ರಿಯೇ ಹೇಳಿದ್ದ. ಹೀಗಾಗಿ ಗ್ರೇಸಿ ಹಾರ್ನ್ ಮೇಲೆ ಹಾರ್ನ್ ಹೊಡೆದಳು, ನಾನು ಹಾಸಿಗೆ ಮಡಚಿ ಮೇಜು ಮಾಡಿದೆ, ಗುರಬಾಯಿ ನಳದ ಕಡೆಯಿಂದ ಒದ್ದೆ ಥಾಲಿ ಹಿಡಿದು ಓಡಿಬಂದು ಹತ್ತಿದಳು. ಅವಳಿಗೆಂದು ಸೋಸಿಟ್ಟ ಚಹಾ ಸಿಂಕಿನ ಪಾಲಾಯಿತು.

ಮೋಟರ್‌ಹೋಮ್ ಅನ್ನುವ ಹೆಸರು ಕೇಳಲಿಕ್ಕೆ ಬಹಳ ರೊಮ್ಯಾಂಟಿಕ್. ಒಳಗೆ ಮಲಗಿ ಎದ್ದ ಎಪ್ಪತ್ತು ದಾಟಿದ ಸೊಂಟವನ್ನು ಕೇಳಿದರೆ ಬೇರೆ ಮಾತು ಹೇಳುತ್ತದೆ. ಮಿನಿ ಬಸ್ಸಿನಷ್ಟು ದೊಡ್ಡ ಬಿಳಿ ಡಬ್ಬಿ. ಅದರೊಳಗೇ ಅಡುಗೆ, ಅದರೊಳಗೇ ಪಾಯಖಾನೆ. ನೂರು ಲೀಟರ್ ನೀರಿನ ಟ್ಯಾಂಕು ಮೂವರು ಹೆಂಗಸರಿಗೆ ಮಧ್ಯಾಹ್ನದೊಳಗೆ ಖಾಲಿ. ಗಾಡಿ ಹೊರಡುವ ಮುಂಚೆ ಪ್ರತಿಯೊಂದು ಕಪಾಟಿನ ಚಿಲಕ ಹಾಕಬೇಕು, ಇಲ್ಲವಾದರೆ ಮೊದಲ ತಿರುವಿನಲ್ಲೇ ಶೇಂಗಾ ಹಿಂಡಿಯ ಡಬ್ಬಿ ತಲೆಯ ಮೇಲೆ. ಹಾಗೊಮ್ಮೆ ಬಿದ್ದದ್ದೂ ಆಗಿದೆ.

ಗ್ರೇಸಿ ನನ್ನ ತಂಗಿಯ ಮಗಳು. ಔರಾದದಲ್ಲಿ ಬೆಳೆದವಳು, ಈಗ ಜರ್ಮನಿಯ ಮ್ಯೂನಿಕ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. "ಔರಾದ ರೋಡಿನ್ಯಾಗ ಗಾಡಿ ಕಲ್ತಾಕಿ ನಾ, ಇಲ್ಲಿ ಕಣ್ಣು ಮುಚ್ಚಿ ಹೊಡೀತೇನಿ" ಎನ್ನುತ್ತಾಳೆ. ಗುರಬಾಯಿ ಬೀದರದಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವಳು. ತವರು ಭಾಲ್ಕಿ, ಮಕ್ಕಳದು ಗಾಂಧಿ ಗಂಜ್ ಮಾರ್ಕೆಟ್ಟಿನಲ್ಲಿ ಬೇಳೆ ವ್ಯಾಪಾರ. ನಾನು ಯುರೋಪಿಗೆ ಹೊರಟಿದ್ದೇನೆಂದು ತಿಳಿದಾಗ ಗೋಡೆಯ ಆಚೆಯಿಂದಲೇ ಕೂಗಿದ್ದಳು: "ಒಬ್ಬಾಕೀನೇ ಹೋಗ್ತಿ? ನಾನೂ ಬರ್ತೇನಿ, ರೊಟ್ಟಿ ಯಾರು ಮಾಡ್ತಾರ ನಿನಗ?"

ಮರುದಿನ ಬೆಳಿಗ್ಗೆ ಬಾಡಿಗೆ ಗಾಡಿಯನ್ನು ಮ್ಯೂನಿಕ್‌ನಲ್ಲಿ ಒಪ್ಪಿಸಬೇಕಿತ್ತು, ಗ್ರೇಸಿಗೆ ಡ್ಯೂಟಿ ಇತ್ತು. ಆದ್ದರಿಂದ ಸೇಬ್ರುನ್ ನೋಡಲು ನನಗೆ ಉಳಿದದ್ದು ಇದೊಂದೇ ದಿನ.

ಸೇಬ್ರುನ್ ಆಸ್ಟ್ರಿಯಾದ ಒಂದು ಸಣ್ಣ ಹಳ್ಳಿ. ಯಾವ ಟೂರಿಸ್ಟ್ ಬುಕ್ಕಿನಲ್ಲೂ ಅದರ ಹೆಸರಿಲ್ಲ. ನಮ್ಮ ಕಾನ್ವೆಂಟಿನಲ್ಲಿ ಹೊಲಿಗೆ ಮತ್ತು ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್ ಅಗಾಥಾ ಅಲ್ಲಿಯವರು. ಮಳೆ ಬಂದು ಕ್ಲಾಸಿನಲ್ಲಿ ಕತ್ತಲಾದರೆ ಬೋರ್ಡಿನ ಮೇಲೆ ಚಾಕ್‌ಪೀಸಿನಲ್ಲಿ ತಮ್ಮ ಊರು ಬರೆಯುತ್ತಿದ್ದರು: ಒಂದು ಕೆರೆ, ಎರಡು ಗುಡ್ಡ, ಉಳ್ಳಾಗಡ್ಡಿಯಂಥ ತಲೆಯ ಚರ್ಚು. ಒಮ್ಮೆ ನಮ್ಮನ್ನು ಬೀದರದ ಪಕ್ಕದ ಅಷ್ಟೂರಿಗೆ ಪಿಕ್‌ನಿಕ್ ಕರೆದೊಯ್ದಾಗ ಸುಲ್ತಾನರ ಗುಮ್ಮಟಗಳ ಎದುರು ಬಹಳ ಹೊತ್ತು ನಿಂತು, "ಗರ್ಲ್ಸ್, ನಮ್ಮೂರ ಚರ್ಚ್ ಕೂಡ ಇಂಥದೇ ಟೋಪಿ ಹಾಕಿಕೊಂಡಿದೆ" ಅಂದಿದ್ದರು. ಅವರು ಊರಿಗೆ ಮರಳಲೇ ಇಲ್ಲ. ನಮ್ಮ ಮಣ್ಣಿನಲ್ಲೇ ಮಲಗಿದರು. ಅವರ ಬದಲಿಗೆ ಒಬ್ಬರಾದರೂ ಅಲ್ಲಿಗೆ ಹೋಗಿ ನಿಲ್ಲಬೇಕೆಂಬುದು ನನ್ನ ಬಹಳ ಹಳೆಯ ಆಸೆ.

ದಾರಿಯಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ಆಟೋಬಾನ್ ಅಂದರೆ ಲಾರಿ, ಲಾರಿಯ ಹಿಂದೆ ಲಾರಿ. ಗಡಿ ದಾಟುವ ಮುಂಚೆ ಬಂಕಿನಲ್ಲಿ ಆಸ್ಟ್ರಿಯಾದ ರಸ್ತೆ ತೆರಿಗೆಯ ಸ್ಟಿಕ್ಕರ್ ಕೊಂಡು ಗಾಜಿಗೆ ಅಂಟಿಸಿದೆವು. ಬಿಸಿಲು ನಮ್ಮ ಏಪ್ರಿಲ್ ತಿಂಗಳಿನದು. ಏಸಿ ನಡೆಯುವುದು ಗಾಡಿ ನಿಂತಾಗ, ಓಡುವಾಗ ಮುಂದಿನ ಸೀಟಿನವರಿಗೆ ಮಾತ್ರ ಗಾಳಿ. ಹಿಂದೆ ಕೂತ ಗುರಬಾಯಿ ಎಂದಿನಂತೆ ವಟಗುಟ್ಟಲಿಲ್ಲ. ನಿದ್ದೆ ಇರಬೇಕು ಅಂದುಕೊಂಡೆ.

ಮಧ್ಯಾಹ್ನ ರಸ್ತೆ ಬದಿಯ ತಂಗುದಾಣದಲ್ಲಿ ಊಟಕ್ಕೆ ನಿಲ್ಲಿಸಿದೆವು. ಒಣಗಿಸಿ ತಂದ ಕಟಕ್ ರೊಟ್ಟಿ, ಹಿಂಡಿ, ಅಂಗಡಿಯ ಮೊಸರು. ಗುರಬಾಯಿ ನಮಗೆ ಬಡಿಸಿ ತಾನು ಕಿಟಕಿ ನೋಡುತ್ತ ಕೂತಳು.

"ಉಣ್ಣವಾ."

"ಹೊಟ್ಟಿ ತುಂಬ್ಯಾದ."

"ಯಾವಾಗ ತುಂಬ್ತು? ಮುಂಜಾನಿ ಚಹಾನೂ ಕುಡದಿಲ್ಲ."

ನೀರು ಕೊಟ್ಟೆ, ಲೋಟ ಮುಟ್ಟಲಿಲ್ಲ. ತುಟಿ ಒಣಗಿದ್ದವು. ಕೈ ಮಾತ್ರ ಮತ್ತೆ ಮತ್ತೆ ಎದೆಯ ಮೇಲಿನ ಸೆರಗಿಗೆ ಹೋಗಿ ಖಾಲಿ ಬರುತ್ತಿತ್ತು. ಇಷ್ಟು ವರ್ಷ ಗೋಡೆ ಹಂಚಿಕೊಂಡ ನನಗೆ ಅದು ತಿಳಿಯದಿರುತ್ತದೆಯೇ? ಇಷ್ಟಲಿಂಗ ಮೈಮೇಲೆ ಇಲ್ಲದೆ ಅವಳು ಹನಿ ನೀರೂ ಮುಟ್ಟಿದವಳಲ್ಲ.

"ಗುರಬಾಯಿ, ಕೊರಳಾಗಿಂದು ಎಲ್ಲದ?"

ಅವಳು ಹೊರಗಿನ ಲಾರಿ ನೋಡುತ್ತಲೇ ಹೇಳಿದಳು. "ಗಿಡಕ್ಕದ."

"ಯಾವ ಗಿಡಕ್ಕ?"

"ರಾತ್ರಿ ಇದ್ದೆವಲ್ಲ, ಅಲ್ಲಿ. ಮುಂಜಾನಿ ನೀವು ಒಳಗ ತತ್ತಿ ಹುರೀಲಿಕ್ಹತ್ತಿದ್ರಿ, ನಾ ಹೊರಗ ಗಿಡದ ಬುಡಕ ಕೂತು ಪೂಜಿ ಮಾಡ್ದೆ. ತೀರ್ಥದಾಗ ಶುಗರ್ ಗುಳಗಿನೂ ನುಂಗಿದೆ. ಥಾಲಿ ತೊಳಿಯೋತನಾ ಇರ್ಲಿ ಅಂತ, ಹೊಲದಾಗ ರೊಟ್ಟಿ ಗಂಟು ಟೊಂಗಿಗಿ ತೂಗ್ಹಾಕ್ತೇವಲ್ಲ, ಹಂಗ ಹಾಕೀನಿ. ಅಷ್ಟರಾಗ ಇಕಿ ಹಾರ್ನು."

ನೆಲಕ್ಕಿಟ್ಟರೆ ಇರುವೆ ಹತ್ತುತ್ತದೆ, ಬೆಲೆಯುಳ್ಳದ್ದು ಟೊಂಗೆಯಲ್ಲಿರಬೇಕು. ಭಾಲ್ಕಿಯ ಹೊಲದಲ್ಲಿ ಕಲಿತ ಕೈ ಜರ್ಮನಿಯ ಗಿಡಕ್ಕೂ ಅದನ್ನೇ ಮಾಡಿತ್ತು.

"ಆಗೇ ಯಾಕ ಹೇಳಲಿಲ್ಲ?"

"ಹೇಳಿದ್ರ ಗಾಡಿ ತಿರುಗ್ಸು ಅಂತಿದ್ದಿ. ನಿಂದು ಊರು ಹೋಗ್ತಿತ್ತು. ಒಂದಿನ ನೀರು ಕುಡೀದಿದ್ರ ಸಾಯಂಗಿಲ್ಲ ನಾ."

"ಸಾಯ್ತೀರೋ ಇಲ್ಲೋ ಅದು ನಾ ಹೇಳ್ತೇನ್ರಿ ಕಾಕು" ಎಂದು ಗ್ರೇಸಿ ನಾಡಿ ಹಿಡಿದಳು. "ಶುಗರ್ ಗುಳಗಿ ನುಂಗಿ ಖಾಲಿ ಹೊಟ್ಟಿಲೆ ಕೂತೀರಿ. ಮೊದಲ ಸಕ್ಕರಿ ನೀರು ಕುಡೀರಿ."

"ಅದು ಬರಲಿ, ಕುಡೀತೇನಿ."

ಗ್ರೇಸಿ ಬೈದಳು, ಬೇಡಿಕೊಂಡಳು. ಗುರಬಾಯಿ ತುಟಿ ತೆರೆಯಲಿಲ್ಲ. ಕ್ಯಾಂಪ್‌ಸೈಟಿಗೆ ಫೋನ್ ಮಾಡಿದರೆ ಆಫೀಸಿಗೆ ಊಟದ ಬಿಡುವು, ಮಷಿನ್ ಮಾತಾಡಿತು. ಮಧ್ಯಾಹ್ನದ ಮೇಲೆ ಹೊಸ ಗಾಡಿಗಳು ಬರುತ್ತವೆ, ಅದಕ್ಕೂ ಮುಂಚೆ ಜಾಗ ಗುಡಿಸುವವರು ಬಿಟ್ಟುಹೋದದ್ದನ್ನೆಲ್ಲ ಎತ್ತಿ ಕಸಕ್ಕೆ ಹಾಕುತ್ತಾರೆ. ಗ್ರೇಸಿ ಮ್ಯಾಪ್ ತೋರಿಸಿದಳು. "ದೊಡ್ಡವ್ವ, ನಿಮ್ಮ ಊರು ಮುಂದಿನ ಎಕ್ಸಿಟ್ ಇಳಿದ ಮ್ಯಾಲೂ ಹದಿನೈದು ಕಿಲೋಮೀಟರ್, ಕೆರಿ ಸುತ್ತ ಹಾಕೋ ಸಣ್ಣ ರೋಡ್. ಹೋಗಿ ಬರ್ಲಿಕ್ಕ ಒಂದು ತಾಸು ಬೇಕು. ಎರಡೂ ಆಗಂಗಿಲ್ಲ."

ಟು ಟೆಲ್ ಯು ದ ಟ್ರೂತ್, ನನ್ನ ಲೋಟದ ನೀರನ್ನು ನಾನು ಬಹಳ ನಿಧಾನವಾಗಿ ಕುಡಿದೆ. ಲೋಟ ಖಾಲಿಯಾದ ಮೇಲೆ ಅಂದೆ, "ತಿರುಗ್ಸು."

ಆದರೆ ಆಟೋಬಾನ್‌ನಲ್ಲಿ ಬೇಕಾದಲ್ಲಿ ತಿರುಗಿಸಲಿಕ್ಕೆ ಅದೇನು ಭಾಲ್ಕಿ ರೋಡೇ? ಮುಂದಿನ ಎಕ್ಸಿಟ್‌ವರೆಗೆ ಹೋಗಿ, ಇಳಿದು, ಸೇತುವೆ ದಾಟಿ, ಆಚೆಯ ದಾರಿ ಹಿಡಿಯಬೇಕು. ಮುಂದಿನ ಎಕ್ಸಿಟ್ಟೇ ಸೇಬ್ರುನ್ನಿನದು.

ಸೇತುವೆಯ ಮೇಲೆ ಬಲಕ್ಕೆ ಬಾಣದ ಗುರುತಿನ ಬೋರ್ಡು, ಊರಿನ ಹೆಸರು. ನಾವು ಎಡಕ್ಕೆ. ಕೆಂಪು ದೀಪ ಬಿತ್ತು. ದೂರದಲ್ಲಿ ಕೆರೆಯ ಒಂದು ಚೂರು ಹೊಳೆಯಿತು. ಅದರಾಚೆ ಎರಡು ಗುಡ್ಡ, ನಡುವೆ ಬೆರಳಿನಷ್ಟು ಬಿಳಿ ಗೋಡೆ, ಅದರ ಮೇಲೆ ಉಳ್ಳಾಗಡ್ಡಿಯಂಥ ಟೋಪಿ. ಸಿಸ್ಟರ್ ಗುಡ್ಡಗಳನ್ನು ಸ್ವಲ್ಪ ಎತ್ತರ ಬರೆದಿದ್ದರು. ಮಿಕ್ಕಿದ್ದೆಲ್ಲ ಬೋರ್ಡಿನ ಮೇಲಿನದೇ.

ಹಿಂದಿನಿಂದ ಗುರಬಾಯಿ ಕೇಳಿದಳು. ಅವಳಿಗೆ ಇಂಗ್ಲಿಷ್ ಅಕ್ಷರ ಓದಲು ಬಾರದು. "ಆ ಬೋರ್ಡಿನ ಮ್ಯಾಲ ಏನ್ ಬರದಾರ?"

"ಪೆಟ್ರೋಲ್ ಪಂಪ್ ಅದಂತ."

ಹಸಿರು ದೀಪ ಬಿತ್ತು. ಗ್ರೇಸಿ ನನ್ನ ಮುಖ ನೋಡಿ ಎಡಕ್ಕೆ ತಿರುಗಿಸಿದಳು. ಪಕ್ಕದ ಕನ್ನಡಿಯಲ್ಲಿ ಆ ಟೋಪಿ ಇನ್ನೊಂದು ಗಳಿಗೆ ಕಂಡಿತು, ಆಮೇಲೆ ಲಾರಿ ಅಡ್ಡ ಬಂತು.

ವಾಪಸು ದಾರಿಯಲ್ಲಿ ರಸ್ತೆ ರಿಪೇರಿ. ಆಮೆಯ ಹಾಗೆ ತೆವಳಿದೆವು. ಗುರಬಾಯಿಯ ಹಣೆಯ ಮೇಲೆ ತಣ್ಣನೆ ಬೆವರು. ಗ್ರೇಸಿ ಗಾಡಿ ಹೊಡೆಯುತ್ತಲೇ ಕೂಗುತ್ತಿದ್ದಳು, "ದೊಡ್ಡವ್ವ, ಅವರನ್ನ ಮಾತಾಡ್ಸಿಕೋತ ಇರ್ರಿ, ಮಲಗಿಸಬ್ಯಾಡ್ರಿ." ನಾನು ಹಿಂದೆ ಹೋಗಿ ಅವಳ ಕೈ ಹಿಡಿದು ಕೂತು ಬಾಯಿಗೆ ಬಂದದ್ದನ್ನೆಲ್ಲ ಮಾತಾಡಿದೆ: ನೆರೆಹೊರೆ, ಸೊಸೆಯಂದಿರು, ಬೇಳೆಯ ರೇಟು.

ಕ್ಯಾಂಪ್‌ಸೈಟ್ ಮುಟ್ಟಿದಾಗ ನಮ್ಮ ಜಾಗದಲ್ಲಿ ಆಗಲೇ ಬೇರೆ ಗಾಡಿ. ಗಿಡದ ನೆರಳಲ್ಲಿ ನಮ್ಮ ವಯಸ್ಸಿನ ಡಚ್ ಹೆಂಗಸೊಬ್ಬರು ಕುರ್ಚಿ ಹಾಕಿ ಕೂತಿದ್ದರು. ಅವರ ತಲೆಯ ಮೇಲೆ, ಅದೇ ಟೊಂಗೆಯಲ್ಲಿ, ಬಿಳಿ ಗಂಟು. ಪಕ್ಕದ ಟೊಂಗೆಗೆ ಅವರು ತಮ್ಮ ಹುಲ್ಲಿನ ಟೋಪಿ ತೂಗುಹಾಕಿದ್ದರು. ಗುಡಿಸುವವನು ಬಿಚ್ಚಲು ಬಂದಿದ್ದನಂತೆ, ಇವರು ಬೇಡವೆಂದರಂತೆ. "ಇಷ್ಟು ಜೋಪಾನವಾಗಿ ಕಟ್ಟಿದವರು ವಾಪಸು ಬಂದೇ ಬರುತ್ತಾರೆ ಅನ್ನಿಸಿತು" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಒಳಗೇನಿದೆ ಎಂದು ಕೇಳಲಿಲ್ಲ. ಗುರಬಾಯಿ ಗಂಟನ್ನು ಕಣ್ಣಿಗೊತ್ತಿಕೊಂಡು ಕೊರಳಿಗೆ ಹಾಕಿಕೊಂಡಳು, ಗ್ರೇಸಿ ಹಿಡಿದ ಸಕ್ಕರೆ ನೀರನ್ನು ಒಂದೇ ಗುಟುಕಿಗೆ ಕುಡಿದಳು.

ಆ ರಾತ್ರಿಗೆ ಸಿಕ್ಕ ಜಾಗ ಕಸದ ಡಬ್ಬಿಗಳ ಪಕ್ಕದ್ದು. ಯಾರಿಗೂ ಮೇಜನ್ನು ಮತ್ತೆ ಹಾಸಿಗೆ ಮಾಡುವ ತ್ರಾಣ ಇರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತು ಸಂಜೆ ಬೆಳಕಿನಲ್ಲಿ ಮಧ್ಯಾಹ್ನದ ರೊಟ್ಟಿಯನ್ನೇ ತಿಂದೆವು. ಗುರಬಾಯಿ ಎರಡು ರೊಟ್ಟಿ ಮುಗಿಸಿ, ಮೂರನೆಯದನ್ನು ಮುರಿದು ದೊಡ್ಡ ಚೂರನ್ನು ನನ್ನ ತಾಟಿಗೆ ಹಾಕಿದಳು.

"ಲೀಲಾ."

"ಏನವಾ?"

"ಆ ಪೆಟ್ರೋಲ್ ಪಂಪಿನ ಗುಮ್ಮಟ ಭಾಳ ಛಂದ ಇತ್ತು ನೋಡು. ನಮ್ಮ ಅಷ್ಟೂರಿಂದ್ರಂಗೇ."