ಆಷಾಢ ಮುಗಿದರೂ ಆಡಿ ಮುಗಿದಿರಲಿಲ್ಲ

ಬಾಡಿಗೆ ಮನೆ ಹುಡುಕುವವರು ಮೊದಲು ಹೋಗಿ ನಿಲ್ಲುವುದು ಟೀ ಅಂಗಡಿಯ ಮುಂದೆ. ಅದೇ ತಪ್ಪು. ಅಲ್ಲಿ ಒಬ್ಬರನ್ನು ಕೇಳಿದರೆ ಸಂಜೆಯೊಳಗೆ ಇಡೀ ತಾಳವಾಡಿಗೆ ನಿಮಗೆ ಮನೆಯ ತುರ್ತಿದೆ ಎಂದು ಗೊತ್ತಾಗಿಬಿಡುತ್ತದೆ. ತುರ್ತಿನಲ್ಲಿ ಇರುವವರಿಗೆ ಬಾಡಿಗೆ ಇಳಿಸಿದವರನ್ನು ನಾನಂತೂ ಈವರೆಗೆ ಕಂಡಿಲ್ಲ.

ನಮ್ಮಲ್ಲಿ ಮನೆ ಖಾಲಿ ಇದೆ ಎಂದು ಬೋರ್ಡು ನೇತುಹಾಕುವವರೂ ಕಡಿಮೆ. ಹಾಕಿದರೆ ಮನೆಯವರಿಗೆ ಏನೋ ಕಷ್ಟ ಬಂದಿದೆ ಎಂದು ಬೀದಿಯವರು ಆಡಿಕೊಳ್ಳುತ್ತಾರೆ ಎಂಬ ಅಂಜಿಕೆ. ಹಾಗಾಗಿ ಖಾಲಿ ಮನೆಗಳು ಸುಮ್ಮನೆ ಬೀಗ ಹಾಕಿಸಿಕೊಂಡು ಕುಳಿತಿರುತ್ತವೆ. ಅವನ್ನು ಬಾಯಿಂದ ಕೇಳಿ ಹುಡುಕಬಾರದು, ಕಣ್ಣಿಂದ ಹುಡುಕಬೇಕು. ಬೆಳಿಗ್ಗೆ ಬೀದಿಯಲ್ಲಿ ಒಂದು ಸುತ್ತು ಹೋಗಿಬನ್ನಿ. ಯಾವ ಬಾಗಿಲ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟಿಲ್ಲ, ಯಾವ ಕರೆಂಟು ಮೀಟರಿಗೆ ಜೇಡ ಬಲೆ ಕಟ್ಟಿದೆ, ನೋಡಿಕೊಳ್ಳಿ. ಅಲ್ಲಿಗೆ ಅರ್ಧ ಕೆಲಸ ಆಯಿತು.

ಇದನ್ನೆಲ್ಲ ನನಗೆ ಯಾರೂ ಹೇಳಿಕೊಡಲಿಲ್ಲ. ನಾನು ಗೆಟ್ಟವಾಡಿಯಲ್ಲಿ ಕೂಲಿಯವರ ಮನೆಯಲ್ಲಿ ಹುಟ್ಟಿದವಳು. ಬೀನ್ಸ್ ಮೂಟೆಯನ್ನು ಬಸ್ಸಿಗೆ ಏರಿಸಿಕೊಂಡು ಚಾಮರಾಜನಗರಕ್ಕೆ ಹೋಗಿ ಮಾರುತ್ತ ಮಾತು ಕಲಿತೆ, ಮಾತಿನಿಂದ ವ್ಯಾಪಾರ ಕಲಿತೆ. ಈಗ ತಾಳವಾಡಿಯಲ್ಲಿ ಸ್ವಂತ ಮನೆ ಇದೆ, ಸ್ವಂತ ತಕ್ಕಡಿ ಇದೆ. ಕೋಸು, ಬೀನ್ಸು, ಬೆಳ್ಳುಳ್ಳಿಯನ್ನು ಹೊಲದಲ್ಲೇ ಕೊಳ್ಳುತ್ತೇನೆ. ಹೊಲ ಹೊಲ ಸುತ್ತುವವಳಿಗೆ ಯಾರ ಮನೆ ಖಾಲಿ ಇದೆ ಎಂಬುದು ಗೊತ್ತಾಗದೆ ಇರುತ್ತದೆಯೇ? ನನ್ನ ಹತ್ತಿರ ಬೀನ್ಸ್ ಕೊಯ್ಯಲು ಬರುವ ಹೆಂಗಸರಿಗೆ ಮನೆ ಹುಡುಕಿ ಕೊಡುವುದು ಹಾಗೆ ಶುರುವಾಯಿತು. ಅದಕ್ಕೆ ನಾನು ಕಮಿಷನ್ ಮುಟ್ಟುವುದಿಲ್ಲ. ಧರ್ಮಕ್ಕೆ ಅಂತ ತಿಳಿಯಬೇಡಿ. ಕಮಿಷನ್ ತಗೊಂಡರೆ ಮನೆ ಯಜಮಾನರು ನನ್ನ ಮಾತು ನಂಬುವುದನ್ನು ಬಿಡುತ್ತಾರೆ.

ಇಷ್ಟು ಮನೆ ಕೊಡಿಸಿದ್ದರಲ್ಲಿ ನಾನು ಹೆಮ್ಮೆಯಿಂದ ಹೇಳಿಕೊಳ್ಳುವುದು ಒಂದು ಮನೆಯ ವಿಷಯ.

ತಾಳಮಲೆಯ ಕಡೆಯ ಹೆಂಗಸು. ಗಂಡ ಹೆಂಡತಿ ಇಬ್ಬರೂ ಕೂಲಿ, ಒಬ್ಬಳು ಮಗಳು. ನನಗೆ ಬೀನ್ಸ್ ಕೊಯ್ದು ಕೊಡುವವರ ಗುಂಪಿನಲ್ಲಿ ಬಾಯಿ ಬಿಡದವಳು ಎಂದರೆ ಇವಳೇ. ಅವಳಿಗೆ ತಾಳವಾಡಿಯ ಶಾಲೆಯಲ್ಲಿ ಮಕ್ಕಳಿಗೆ ಬೆಳಗಿನ ತಿಂಡಿ ಮಾಡುವ ಕೆಲಸ ಸಿಗುವಂತಾಯಿತು. ಮೊದಲಿದ್ದಾಕೆ ಬಿಟ್ಟು ಹೋಗುತ್ತಿದ್ದಳು. ನೆರಳಿನ ಕೆಲಸ, ತಿಂಗಳ ಸಂಬಳ. ಆದರೆ ಬೆಳಕು ಹರಿಯುವ ಮೊದಲೇ ಅಲ್ಲಿ ಒಲೆ ಹತ್ತಬೇಕು. ತಾಳಮಲೆಯಿಂದ ಆ ಹೊತ್ತಿಗೆ ಬಸ್ಸಿಲ್ಲ, ನಡೆದು ಬರೋಣವೆಂದರೆ ಕಾಡಿನ ದಾರಿ, ದಾರಿಯಲ್ಲಿ ಆನೆ. ಶಾಲೆಯವರು ಖಡಾಖಂಡಿತ ಹೇಳಿದ್ದರು: ಹಳಬಳು ಬಿಡುವ ಹೊತ್ತಿಗೆ ಊರಿನಲ್ಲಿ ಮನೆ ಮಾಡಿಕೊಂಡಿದ್ದರೆ ಕೆಲಸ, ಇಲ್ಲದಿದ್ದರೆ ಬೇರೆಯವರಿಗೆ.

ಆಗ ಆಷಾಢ. ಎಲ್ಲರೂ ಆಷಾಢದಲ್ಲಿ ಮನೆ ಹುಡುಕಬಾರದು ಅನ್ನುತ್ತಾರೆ. ನಾನು ಹೇಳುತ್ತೇನೆ, ಹುಡುಕುವುದಕ್ಕೆ ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಮನೆ ಒಕ್ಕಲು ಬರುವವರು ಯಾರೂ ಇರುವುದಿಲ್ಲ, ಯಜಮಾನರ ಗತ್ತು ಇಳಿದಿರುತ್ತದೆ, ಜಿಟಿಜಿಟಿ ಮಳೆಗೆ ಯಾವ ಹೆಂಚು ಸೋರುತ್ತದೆ ಎಂಬುದೂ ಕಾಣುತ್ತದೆ. ಆಷಾಢದಲ್ಲಿ ಮಾತಾಡಿ ಮುಗಿಸಬೇಕು, ಶ್ರಾವಣದಲ್ಲಿ ಹಾಲು ಉಕ್ಕಿಸಬೇಕು.

ಶಾಲೆಯ ಹಿಂದಿನ ಬೀದಿಯಲ್ಲಿ ನನಗೆ ಕೋಸು ಕೊಡುವ ಒಬ್ಬ ರೈತರ ಮನೆ ಇದೆ. ಹೊಲ ದೊಡ್ಡಗಾಜನೂರಿನಲ್ಲಿ, ವಾಸ ಇಲ್ಲಿ. ಅವರ ಹಿತ್ತಲಲ್ಲಿ ನಾಡಹೆಂಚಿನ ಎರಡು ಕೋಣೆಯ ಮನೆ, ಮೀಟರಿಗೆ ಜೇಡರ ಬಲೆ. ಅವತ್ತು ಕೋಸು ಮನೆಗೇ ಬಂದಿತ್ತು; ಅಂಗಳದಲ್ಲಿ ತೂಕ ಹಾಕಿಸುತ್ತ ಮೆಲ್ಲಗೆ ಶುರು ಮಾಡಿದೆ.

"ಅಣ್ಣ, ಆ ಇತ್ತಲ ಮನಲಿ ಯಾರವ್ರೆ?"

"ಇಲಿ ಅವೆ."

"ಇಲಿ ಬಾಡ್ಗೆ ಕೊಟ್ಟವಾ?"

ಅವರು ನಕ್ಕರು. ನಕ್ಕರೆ ಬಾಗಿಲು ಅರ್ಧ ತೆರೆದ ಹಾಗೆ. ಆಮೇಲೆ ಎಲ್ಲರೂ ಕೇಳುವ ಆ ಪ್ರಶ್ನೆ ಬಂತು: "ಯಾವ ಕಡೆಯೋರು?"

ಇದು ಊರು ಕೇಳುವ ಪ್ರಶ್ನೆಯಲ್ಲ, ಜಾತಿ ಕೇಳುವ ಪ್ರಶ್ನೆ ಎಂದು ನಮ್ಮ ಕಡೆ ಮಗುವಿಗೂ ಗೊತ್ತು. ಕೆಲವು ಬಾಗಿಲುಗಳು ಅಲ್ಲಿಗೇ ಮುಚ್ಚುತ್ತವೆ. ಅಂಥ ಬಾಗಿಲ ಮುಂದೆ ನಾನು ಚೌಕಾಸಿ ಮಾಡುವುದಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತೇನೆ. ಅವತ್ತು ಹೇಳಿದೆ: "ತಾಳಮಲೆ ಕಡೆಯೋರು ಕಣಣ್ಣ. ಓದ್ ಸಲ ನಿಮ್ಮ ಒಲದಲ್ಲಿ ಬೀನ್ಸ್ ಕುಯ್ದೋರು ಅವ್ರೇಯ. ಕೊಯ್ಯಕ ಆಗ್ತರೆ, ಇರಕ ಆಗಲ್ವಾ?"

ಅವರು ಕೋಸಿನ ಮೂಟೆಯನ್ನು ತಕ್ಕಡಿಯಿಂದ ಇಳಿಸಿದರು. "ನಿನ್ ಬಾಯಿಗ ಬೀಗ ಹಾಕೋನು ಎಲ್ಲವ್ನೋ," ಎಂದು ಬೀಗದ ಕೈ ತಂದರು.

ಒಳಗೆ ಹೋದಾಗ ಮನೆಯನ್ನು ಹೊಗಳಬಾರದು. ಗೋಡೆಗೆ ಕೈ ಇಟ್ಟು ಸುಮ್ಮನೆ ನಿಲ್ಲಬೇಕು. ನಾನು ನಿಂತೆ. ತಲೆಯ ಮೇಲೆ ಒಂದು ಹನಿ ಬಿತ್ತು. ಹನಿ ಒರೆಸಿಕೊಂಡು ಅವರ ಮುಖ ನೋಡಿದೆ, ಅಷ್ಟೆ. ಬಾಡಿಗೆ ತಾನಾಗಿಯೇ ಇಳಿಯಿತು, ಹೆಂಚು ಕೈಯಾಡಿಸಿಕೊಡುವ ಮಾತೂ ಸೇರಿಕೊಂಡಿತು. "ಆಷಾಢ ಕಳೀಲಿ, ಬತ್ತರೆ," ಎಂದೆ. "ಬರ್ಲಿ," ಎಂದರು.

ಇಷ್ಟು ಜಾಣೆ ನಾನು, ಒಂದು ಎಡವಟ್ಟು ಮಾಡಿಕೊಂಡಿದ್ದೆ. ಯಜಮಾನರನ್ನು ಕೇಳಿದ್ದೆ, ಅವರ ಹೆಂಡತಿಯನ್ನು ಕೇಳಿರಲಿಲ್ಲ.

ಭೀಮನ ಅಮಾವಾಸ್ಯೆ ಕಳೆದು ಶ್ರಾವಣ ಹುಟ್ಟಿತು. ಮೊದಲ ಶುಕ್ರವಾರ ಬೆಳಿಗ್ಗೆ ಅವಳ ಪಾತ್ರೆ ಪಗಡ, ಚಾಪೆ, ಗ್ಯಾಸ್ ಸಿಲಿಂಡರು, ಮಗಳ ಪುಸ್ತಕದ ಚೀಲ ಎಲ್ಲ ನನ್ನ ಕೋಸಿನ ಟೆಂಪೋದಲ್ಲಿ ತಾಳಮಲೆಯಿಂದ ಬಂದು ಇಳಿದವು. ಅಲ್ಲಿದ್ದ ಗುಡಿಸಲನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಬಂದಿದ್ದರು. ಸೋಮವಾರ ಶಾಲೆಯ ಒಲೆ ಅವಳ ಕೈಗೆ ಬರಬೇಕು. ನೋಡಿದರೆ ಯಜಮಾನರ ಹೆಂಡತಿ ಹಿತ್ತಲ ಬಾಗಿಲಿಗೆ ಅಡ್ಡ ನಿಂತಿದ್ದಾರೆ. ಅರಿಸಿನದ ಕೆನ್ನೆ, ಕೈಯಲ್ಲಿ ಅಮ್ಮನ ಗುಡಿಗೆ ಹೊರಟ ಬುಟ್ಟಿ.

"ಏನಿದು? ಆಡಿ ಮಾಸದಲ್ಲಿ ಗಂಟು ಮೂಟೆ ತಂದು ಇಳಿಸ್ತಾ ಇದ್ದೀರ?"

ಆಗ ನನ್ನ ತಲೆಗೆ ಹೊಳೆಯಿತು. ಆಯಮ್ಮ ಘಾಟಿ ಕೆಳಗಿನ ಸತ್ಯಮಂಗಲದ ಕಡೆಯ ಹೆಣ್ಣು. ತಾಳವಾಡಿ ತಮಿಳುನಾಡಿಗೆ ಸೇರಿದ್ದರೂ ನಮ್ಮದು ಕನ್ನಡ ಪಂಚಾಂಗ; ಅವರ ಗೋಡೆಯ ಮೇಲೆ ತಮಿಳು ಕ್ಯಾಲೆಂಡರು. ನಮ್ಮ ಆಷಾಢ ಅಮಾವಾಸ್ಯೆಗೆ ಮುಗಿಯುತ್ತದೆ. ಅವರ ಆಡಿ ಆಷಾಢದ ನಡುವೆ ಶುರುವಾಗಿ ನಮ್ಮ ಶ್ರಾವಣದ ಒಳಗೂ ಕಾಲು ಚಾಚುತ್ತದೆ. ನಮಗೆ ಒಳ್ಳೆಯ ದಿನ ಬಂದಿತ್ತು, ಅವರ ಕೆಟ್ಟ ತಿಂಗಳು ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

ಯಜಮಾನರ ಕಡೆ ನೋಡಿದೆ. ಅವರು ಆಕಾಶ ನೋಡುತ್ತಿದ್ದರು.

"ಅಕ್ಕ, ಅಣ್ಣ ಒಪ್ಪವ್ರೆ."

"ಅವ್ರು ಒಪ್ಪಿದ್ರೆ ಅವ್ರ ಒಲದಲ್ಲಿ ಇಟ್ಕೊಳ್ಲಿ. ಆಡಿಲಿ ಆಲು ಉಕ್ಕಿಸಿದ್ರೆ ಆ ಮನೆಗೂ ಆಗಲ್ಲ, ಈ ಮನೆಗೂ ಆಗಲ್ಲ. ಆಡಿ ಕಳ್ದು ಆವಣಿ ಹುಟ್ಲಿ, ನಾನೇ ಕರೀತೀನಿ."

ನನ್ನ ಹಿಂದೆ ಆ ಹೆಂಗಸು ಸಿಲಿಂಡರು ಹಿಡಿದುಕೊಂಡು ನಿಂತಿದ್ದಳು. "ಅಕ್ಕ, ಓಗ್ಬುಡವ. ಕೆಲ್ಸ ಬೇರೆಯೋರಿಗೆ ಕೊಡ್ಲಿ," ಎಂದಳು ಪಿಸುದನಿಯಲ್ಲಿ. ಎಲ್ಲಿಗೆ ಹೋಗುವುದು? ಗುಡಿಸಲೂ ಇಲ್ಲ.

ಜಗಳ ಆಡಬಹುದಿತ್ತು. ಆಡಲಿಲ್ಲ. ಎದುರಿಗಿರುವವರ ನಂಬಿಕೆ ಸುಳ್ಳು ಎಂದು ಹೇಳಿ ಯಾರೂ ಮನೆ ಪಡೆದಿಲ್ಲ. ಆ ನಂಬಿಕೆಯ ಒಳಗೇ ನಮಗೆ ನಿಲ್ಲಲು ಜಾಗ ಎಲ್ಲಿದೆ ಎಂದು ನೋಡಬೇಕು. ನಾನು ಜಗಲಿಯ ಮೇಲೆ ಕುಳಿತುಕೊಂಡೆ. ಕುಳಿತವರನ್ನು ಓಡಿಸುವುದು ನಿಂತವರನ್ನು ಓಡಿಸಿದಷ್ಟು ಸುಲಭವಲ್ಲ.

"ಅಕ್ಕ, ನೀವು ಅನ್ನೋದು ಸರಿ," ಎಂದೆ. "ಆಡಿಲಿ ಮನೆ ಒಕ್ಕಲು ಬರಬಾರ್ದು. ಒಕ್ಕಲು ಬರೋದು ಅಂದ್ರೆ ಏನು? ಒಲೆ ಹಚ್ಚಿ ಆಲು ಉಕ್ಕಿಸೋದು. ಅಲ್ವಾ?"

"ಅಲ್ವಾ ಮತ್ತೆ?"

"ಒಲೆನೇ ಹಚ್ಚದೆ ಹೋದ್ರೆ?"

ಅವರು ಬುಟ್ಟಿ ಕೆಳಗಿಟ್ಟರು. ಬುಟ್ಟಿ ಕೆಳಗಿಟ್ಟರು ಎಂದರೆ ವ್ಯಾಪಾರಕ್ಕೆ ಕುದುರಿದರು ಎಂದೇ ಲೆಕ್ಕ.

"ಒಲೆ ಇಲ್ದೆ ಏನು ತಿಂತಾರೆ?"

"ನಮ್ಮ ಮನೆ ಇತ್ತಲಲ್ಲಿ ಬೇಯಿಸ್ಕೊಳ್ತರೆ. ಇಲ್ಲಿ ಬಂದು ಮಲಗ್ತರೆ."

"ಟೀ?"

"ಟೀನೂ ಇಲ್ಲ."

"ಬಿಸಿನೀರು?"

"ತಣ್ಣೀರೇ ಒಳ್ಳೇದು ಕಣಕ್ಕ, ಮೈಗೆ."

"ಮಗುಗೆ ಜ್ವರ ಗಿರ ಬಂದ್ರೆ ಗಂಜಿ ಕಾಯಿಸ್ಬೇಕಲ್ಲ, ಆಗ ಸುಮ್ನೆ ಹಚ್ಚಿಬುಟ್ರೆ? ಯಾರು ಕಾಯ್ತಾರೆ?"

"ಸಿಲಿಂಡ್ರು ನಮ್ಮನೇಲಿ ಇರ್ತದೆ. ಬೆಂಕಿಪೊಟ್ಣನೂ ನೀವೇ ಇಟ್ಕೊಳಿ."

ಯಜಮಾನರು ಕಿಸಕ್ಕನೆ ನಕ್ಕು, ಹೆಂಡತಿಯ ನೋಟ ಬಿದ್ದೊಡನೆ ಕೆಮ್ಮಿದರು. ಆಯಮ್ಮ ಗಲ್ಲದ ಮೇಲೆ ಬೆರಳಿಟ್ಟು ಯೋಚಿಸಿದರು. ನಿಜವಾಗಿಯೂ ಯೋಚಿಸುತ್ತಿದ್ದರು. ಅವರು ಕೆಟ್ಟವರಲ್ಲ. ತಮ್ಮ ಮನೆಗೆ ಬಂದವರಿಗೆ ಕೇಡಾಗಬಾರದು ಎಂಬ ಭಯವೂ ಅದರಲ್ಲಿತ್ತು.

"ಮನುಷ್ಯರು ಇರೋ ಮನೇಲಿ ದೀಪ ಇಲ್ದೆ ಇರಬಾರ್ದು," ಎಂದರು ಕೊನೆಗೆ. "ದಿನಾ ಸಂಜೆ ನಾನೇ ಬಂದು ಹಚ್ತೀನಿ. ಆವಣಿ ಹುಟ್ಟೋ ತನಕ ಅದು ನನ್ನ ಮನೆ. ಇವ್ರು ನನ್ನ ನೆಂಟರು."

ಅಲ್ಲಿಗೆ ಎದ್ದು ಬರಬೇಕಾಗಿತ್ತು. ಆದರೆ ನೆಂಟರು ಎಂಬ ಮಾತು ಅವರ ಬಾಯಿಂದಲೇ ಬಂದಿತ್ತು. ಅದನ್ನು ಬಿಟ್ಟು ಬರುವಷ್ಟು ದಡ್ಡಿ ನಾನಲ್ಲ.

"ಅಂಗಾದ್ರೆ ಅಕ್ಕ, ನೆಂಟರತ್ರ ಯಾರು ಬಾಡ್ಗೆ ಈಸ್ಕೊಳ್ತರೆ? ಆವಣಿಯಿಂದ ಕೊಡ್ತರೆ."

"ಅಬ್ಬಬ್ಬಬ್ಬಾ!" ಆಯಮ್ಮ ಎರಡು ಕೈಯೂ ಎತ್ತಿದರು. "ರೀ, ಇವ್ಳ ಕೈಗೆ ನೀವು ಕೋಸು ಮಾರ್ತಾ ಇದ್ದೀರಲ್ಲ, ಇಷ್ಟು ವರ್ಷ ಒಲ ಉಳ್ದಿರೋದೇ ಎಚ್ಚು!"

ಬಾಯಲ್ಲಿ ಹಾಗೆಂದರೂ ಬಾಗಿಲಿನಿಂದ ಸರಿದು ನಿಂತರು. ಚಾಪೆ, ಪಾತ್ರೆ, ಪುಸ್ತಕದ ಚೀಲ ಒಳಗೆ ಹೋದವು. ಸಿಲಿಂಡರು ನನ್ನ ಮನೆಗೆ ಬಂತು.

ಸೋಮವಾರ ನಾನು ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಬೇಕೆಂದೇ ಶಾಲೆಯ ಪಕ್ಕ ಸುತ್ತಿಕೊಂಡು ಹೋದೆ. ಅಡುಗೆ ಕೋಣೆಯಿಂದ ರವೆ ಹುರಿಯುವ ಘಮ ಬರುತ್ತಿತ್ತು. ಇಣುಕಿದರೆ ಅವಳು ತಲೆಗೆ ಬಟ್ಟೆ ಕಟ್ಟಿಕೊಂಡು ದೊಡ್ಡ ಸೌಟಿನಲ್ಲಿ ಉಪ್ಪಿಟ್ಟು ತಿರುವುತ್ತಿದ್ದಳು. ನನ್ನನ್ನು ನೋಡಿದಳು, ಸೌಟು ನಿಲ್ಲಿಸಲಿಲ್ಲ. ಕೆಲಸ ಅಂದರೆ ಹಾಗಿರಬೇಕು ಎಂದುಕೊಂಡು ನಡೆದೆ.

ಮಿಕ್ಕ ಆಡಿಯೆಲ್ಲ ಅವಳು ನಮ್ಮ ಹಿತ್ತಲಲ್ಲಿ ಬೇಯಿಸಿಕೊಂಡು, ಪಾತ್ರೆಗೆ ಸೆರಗು ಮುಚ್ಚಿ ಬೀದಿಯಲ್ಲಿ ಹೊತ್ತುಕೊಂಡು ಹೋಗುತ್ತಿದ್ದಳು. ಆಯಮ್ಮ ದಿನಾ ಸಂಜೆ ಬಂದು ದೀಪ ಹಚ್ಚುತ್ತಿದ್ದರು. ದೀಪ ಹಚ್ಚಲು ಬಂದವರು ಒಂದು ಗಳಿಗೆ ಕೂರುತ್ತಿದ್ದರಂತೆ. ಕೂತವರು ಮಗುವಿಗೆ ತಮಿಳು ಪಾಠ ಹೇಳಿಕೊಡಲು ಶುರು ಮಾಡಿದರಂತೆ. ಮಳೆ ಜೋರಾದ ಒಂದು ದಿನ ಸಾರಿನ ಪಾತ್ರೆ ಹಿಡಿದು ಬಂದು, "ನೆಂಟರು ಅಂತ ಏಳ್ಬುಟ್ಟಿದೀನಲ್ಲ, ಇನ್ನೇನು ಮಾಡದು," ಎಂದರಂತೆ. ಇವೆಲ್ಲ ನಾನು ಚೌಕಾಸಿ ಮಾಡಿ ತಂದದ್ದಲ್ಲ. ನನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುವುದಿಲ್ಲ.

ಆವಣಿ ಹುಟ್ಟಿದ ದಿನ ಸಿಲಿಂಡರನ್ನು ನಾನೇ ಹೊತ್ತು ತಂದೆ. ಹಾಲು ಕಾಯಿಸಿದೆವು. ಮೂಡಲ ಕಡೆಗೆ ಚೆನ್ನಾಗಿ ಉಕ್ಕಿತು. ಎಲ್ಲರ ಲೋಟಕ್ಕೂ ಹಾಲು ಬಿದ್ದ ಮೇಲೆ ನೀರಿನ ಮಾತು ಬಂತು. ಹಿತ್ತಲಲ್ಲಿ ಇರುವುದು ಒಂದೇ ನಲ್ಲಿ.

"ಮೊದ್ಲು ನಮ್ಮ ಮನೆ ತುಂಬಿ, ಆಮೇಲೆ ಇವ್ರು ಇಡ್ಕೊಳ್ಲಿ," ಎಂದರು ಆಯಮ್ಮ.

ಒಂದು ದಿನ ಬಿಟ್ಟು ಒಂದು ದಿನವಾದರೂ ಇವಳಿಗೆ ಮೊದಲು ಬಿಡಿ ಎಂದು ಕೇಳಲು ಬಾಯಿ ತೆರೆದೆ. ಅವಳು ನನ್ನ ಮೊಣಕೈ ಮುಟ್ಟಿದಳು.

"ನೀವು ಸುಮ್ಕಿರಿ ಅಕ್ಕ." ಆಮೇಲೆ ಆಯಮ್ಮನ ಕಡೆ ತಿರುಗಿದಳು. "ಅವ್ವ, ನಾನು ಕೋಳಿ ಕೂಗಕ ಮುಂಚೆನೇ ಏಳ್ತೀನಿ. ನೀರು ಬರೋದೂ ಆಗ್ಲೇಯ. ನೀವ್ಯಾಕ ಆ ಚಳೀಲಿ ಎದ್ದು ಬರ್ಬೇಕು? ದಿನಾ ಮೊದ್ಲು ನಂದು ಇಡ್ಕೊಂಡು, ನಿಮ್ಮ ತೊಟ್ಟಿನೂ ತುಂಬ್ಸಿ ಓಯ್ತೀನಿ. ನೀವು ಎದ್ದಾಗ ನೀರು ಇರ್ತದೆ."

ಆಯಮ್ಮ ಹಾಲಿನ ಲೋಟ ಹಿಡಿದುಕೊಂಡೇ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ನೀನು ಕಲಿಸ್ದೆಯಾ ಇವ್ಳಿಗೆ?"

"ನಾನು ಬಾಯೇ ಬುಟ್ಟಿಲ್ಲ ಅಕ್ಕ," ಎಂದೆ. ಅದು ನಿಜವಾಗಿತ್ತು.

"ಸರಿ, ದಿನಾ ಇಡ್ಕೋ," ಎಂದರು ಆಯಮ್ಮ.

ನಾನು ಹೋರಾಡಿದ್ದರೂ ಒಂದು ದಿನ ಬಿಟ್ಟು ಒಂದು ದಿನದ ಸರದಿಯಷ್ಟೇ ಸಿಗುತ್ತಿತ್ತು. ಅವಳು ದಿನಾ ಮೊದಲ ನೀರು ತೆಗೆದುಕೊಂಡಳು, ಆಯಮ್ಮನಿಗೂ ಲಾಭವಾಗುವ ಹಾಗೆ. ನನ್ನ ಲೋಟದ ಹಾಲಿಗೆ ಇನ್ನಷ್ಟು ಸಕ್ಕರೆ ಹಾಕು ಎಂದು ಅವಳನ್ನು ಕೇಳಿದೆ. "ಸಾಕು ಕಣಕ್ಕ, ಆಕಿದೀನಿ," ಎಂದು ಡಬ್ಬಿಯ ಮುಚ್ಚಳ ಹಾಕಿ, ತನ್ನ ಮನೆಯ ಗೂಡಿನಲ್ಲಿ ಇಟ್ಟಳು.