ಹದಿನೈದು ನಿಮಿಷಕ್ಕೆ ನಿಲ್ಲುತ್ತಿದ್ದ ಇಂಜಿನ್

2023ರ ಮಳೆಗಾಲ. ಡೊಂಬಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಾನು ಸಣ್ಣ ಇಂಜಿನ್‌ಗಳ ರಿಪೇರಿಗೆಂದು ಶಟರ್ ಎತ್ತಿ ಆಗಲೇ ಇಪ್ಪತ್ತಾರು ವರ್ಷವಾಗಿತ್ತು. ಹುಲ್ಲು ಕತ್ತರಿಸುವ ಲಾನ್ ಮೂವರ್, ಸೊಳ್ಳೆಗೆ ಹೊಗೆ ಬಿಡುವ ಫಾಗಿಂಗ್ ಮೆಷಿನ್, ನೆಲಮಾಳಿಗೆಯ ನೀರೆತ್ತುವ ಸಣ್ಣ ಪಂಪ್, ಇಂಥವು ಕಲ್ಯಾಣದಿಂದಲೂ ನವಿ ಮುಂಬಯಿಯಿಂದಲೂ ಟೆಂಪೋದಲ್ಲಿ ಬಂದು ನನ್ನ ಬಾಗಿಲಲ್ಲಿ ಇಳಿಯುತ್ತಿದ್ದವು. ಕಾರ್ಬುರೇಟರ್ ಕೆಲಸಕ್ಕೆ ಭಟ್ರೇ ಆಗಬೇಕು ಎಂದು ಜನ ಹೇಳುತ್ತಿದ್ದರು. ಹಾಗೆ ಹೇಳಬೇಡಿ ಎಂದು ನಾನೇನೂ ತಡೆಯುತ್ತಿರಲಿಲ್ಲ.

ಜೂನ್ ಕೊನೆಯಲ್ಲಿ ಠಾಣೆ ನಗರದ ಮಾಜಿವಾಡಾದ ಒಂದು ಹೌಸಿಂಗ್ ಸೊಸೈಟಿಯಿಂದ ಲಾನ್ ಮೂವರ್ ಬಂತು. ಚಳಿಗಾಲದಿಂದ ಮುಟ್ಟಿರಲಿಲ್ಲ, ಸ್ಟಾರ್ಟ್ ಆಗುವುದಿಲ್ಲ ಎಂಬುದು ದೂರು. ಇದರಲ್ಲಿ ತಲೆ ಕೆರೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ ಇಂಜಿನ್‌ಗೆ ಕೊಡುವ ಭಾಗವೇ ಕಾರ್ಬುರೇಟರ್. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅದರೊಳಗೆ ಅಂಟಾಗಿ, ಜೆಟ್ ಎಂಬ ಕೂದಲಿನಷ್ಟು ಸಣ್ಣ ದಾರಿಯನ್ನು ಮುಚ್ಚಿಬಿಡುತ್ತದೆ. ಬಿಚ್ಚಿ ತೊಳೆದೆ, ಒಂದು ಗಂಟೆ ಓಡಿಸಿ ನೋಡಿದೆ, ಚೆನ್ನಾಗಿ ಓಡಿತು.

ಕಳಿಸುವ ಮುನ್ನ ಯಥಾಪ್ರಕಾರ ಗಂಧ ಹಚ್ಚಿ ಕುಂಕುಮದ ಬೊಟ್ಟಿಟ್ಟೆ. ನಮ್ಮ ಅಪ್ಪ ನೌಪಾಡಾದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದಾಗ ಗ್ರೈಂಡರಿಗೆ ಗಂಧ ಹಚ್ಚದೆ ಅಕ್ಕಿ ಹಾಕಿದವರಲ್ಲ. ನನಗೂ ಅದೇ ಅಭ್ಯಾಸ. ಬೆಳಿಗ್ಗೆ ನನ್ನ ಹೆಂಡತಿ ಸುಮತಿ ತೇದು ಡಬ್ಬಿಯಲ್ಲಿ ಹಾಕಿಕೊಟ್ಟ ಗಂಧ, ಶಟರ್ ದಾಟುವ ಪ್ರತಿ ಯಂತ್ರದ ನೆತ್ತಿಗೆ ಬೀಳಲೇಬೇಕು.

ನಾಲ್ಕು ದಿನ ಕಳೆದು ಫೋನ್ ಬಂತು. ಆ ಕಡೆ ಸೊಸೈಟಿಯ ಮಾಲಿ ಗಂಗಾರಾಮ್. ಬದಲಾಪುರದಿಂದ ದಿನಾ ಟ್ರೇನಿನಲ್ಲಿ ಬಂದು ಹನ್ನೊಂದು ವರ್ಷದಿಂದ ಆ ತೋಟ ನೋಡಿಕೊಳ್ಳುವ ಮನುಷ್ಯ. ಯಂತ್ರ ಹದಿನೈದು ನಿಮಿಷ ಓಡಿ ನಿಂತುಬಿಡುತ್ತದೆ ಎಂದ. ಆಮೇಲೆ ಒಂದು ಮಾತು ಸೇರಿಸಿದ: "ಸಾಹೇಬ್, ಝಾಕಣ್ ಉಘಡಲಂ ಕೀ ಪರತ್ ಚಾಲತೆ." ಟ್ಯಾಂಕಿನ ಮುಚ್ಚಳ ತೆಗೆದರೆ ಮತ್ತೆ ನಡೆಯುತ್ತದೆ ಎಂದು. ನಾನು ಅದನ್ನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಮಾಲಿಗೆ ಇಂಜಿನ್ ವಿಷಯ ಏನು ಗೊತ್ತು ಎಂಬ ಧಿಮಾಕು. "ಮೆಷಿನ್ ಪಾಠವ್, ಬಘತೋ", ಕಳಿಸು ನೋಡುತ್ತೇನೆ ಎಂದು ಫೋನ್ ಇಟ್ಟೆ.

ಯಂತ್ರ ಬಂತು. ಮತ್ತೆ ಬಿಚ್ಚಿದೆ. ಒಳಗೆ ಕನ್ನಡಿಯ ಹಾಗಿತ್ತು. ಆದರೂ ಜೆಟ್, ಗ್ಯಾಸ್ಕೆಟ್ ಎಲ್ಲ ಹೊಸದು ಹಾಕಿದೆ. ಒಂದು ಗಂಟೆ ಓಡಿಸಿದೆ, ಕೆಮ್ಮಲೂ ಇಲ್ಲ. ಕಳಿಸಿದೆ. ಮಾಜಿವಾಡಾದಲ್ಲಿ ಹದಿನೈದು ನಿಮಿಷಕ್ಕೆ ನಿಂತಿತು.

ನನಗೆ ತಲೆಬುಡ ಅರ್ಥವಾಗಲಿಲ್ಲ. ಬಿಸಿಯಾದ ಮೇಲೆ ನಿಲ್ಲುವ ಇಂಜಿನ್‌ಗಳಲ್ಲಿ ಕೆಲವೊಮ್ಮೆ ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್ ಕೈಕೊಟ್ಟಿರುತ್ತದೆ. ಮೂರನೆಯ ಸಲ ಬಂದಾಗ ಅದನ್ನೂ ಬದಲಿಸಿದೆ. ಒಂದೂವರೆ ಗಂಟೆ ಓಡಿಸಿ, ಇನ್ನು ಹೇಗೆ ನಿಲ್ಲುತ್ತೀ ನೋಡುತ್ತೇನೆ ಎಂದು ಗಂಧವನ್ನು ಈ ಸಲ ಸ್ವಲ್ಪ ದಪ್ಪಗೇ ಹಚ್ಚಿದೆ. ಮಾಜಿವಾಡಾದಲ್ಲಿ ಹತ್ತೇ ನಿಮಿಷಕ್ಕೆ ನಿಂತಿತು!

ಆ ವಾರ ನನಗೆ ಊಟ ಸೇರಲಿಲ್ಲ. ಡೊಂಬಿವಲಿಯಲ್ಲಿ ಓಡುವ ಇಂಜಿನ್ ಠಾಣೆಯಲ್ಲಿ ಯಾಕೆ ಓಡುವುದಿಲ್ಲ? ಅಲ್ಲಿಯ ಗಾಳಿ ಬೇರೆಯೇ? ತಟ್ಟೆಯ ಮುಂದೆ ಕೂತು ನಾನು ಗೊಣಗುವುದನ್ನು ಕೇಳಿ ಸುಮತಿ, "ಎಂತ ಮಾರಾಯ್ರೆ, ಅಲ್ಲಿಗೆ ಒಮ್ಮೆ ಹೋಗಿ ನೋಡಿದ್ರೆ ಆಗುದಿಲ್ವಾ?" ಎಂದಳು. ಸೈಟಿಗೆ ಹೋಗುವುದು ಹೊಸ ಮೆಕ್ಯಾನಿಕ್‌ಗಳ ಕೆಲಸ ಎಂದು ನಾನು ಸಿಡುಕಿದೆ.

ಇದರ ನಡುವೆ ಸೊಸೈಟಿಯ ಸೆಕ್ರೆಟರಿ ಹಿರೇಮಠರ ಫೋನು. ಹುಬ್ಬಳ್ಳಿ ಕಡೆಯ ನಿವೃತ್ತ ಬ್ಯಾಂಕ್ ಅಧಿಕಾರಿ. "ಭಟ್ರ, ಹುಲ್ಲು ಮೊಣಕಾಲ್ ಮಟ ಬೆಳೆದೈತಿ, ನಿನ್ನೆ ಹುಡುಗರ ಜಾರುಬಂಡಿ ಹಂತ್ಯಾಕ ಹಾವು ಕಂಡೈತ್ರಿ. ದೋಷ ಮಷೀನ್‌ನಾಗ ಐತೋ, ಪೆಟ್ರೋಲ್‌ನಾಗ ಐತೋ? ಒಂದು ಹೇಳ್ರಿ."

ಗೊತ್ತಿಲ್ಲ ಎನ್ನಬೇಕಿತ್ತು. ಇಪ್ಪತ್ತಾರು ವರ್ಷದ ಹೆಸರು ಬಾಯಿಗೆ ಅಡ್ಡ ಬಂತು. "ಮೆಷಿನ್ ನಾನು ಮೂರು ಸಲ ನೋಡಿದ್ದೇನೆ ಸಾರ್. ಪೆಟ್ರೋಲೇ ಇರಬೇಕು" ಎಂದುಬಿಟ್ಟೆ. ಆ ಪೆಟ್ರೋಲನ್ನು ನಾನು ಕಣ್ಣಲ್ಲಿ ಕಂಡಿರಲಿಲ್ಲ, ಮೂಸಿಯೂ ಇರಲಿಲ್ಲ. ಟೆಂಪೋಕ್ಕೆ ಹಾಕುವ ಮುನ್ನ ಟ್ಯಾಂಕ್ ಖಾಲಿ ಮಾಡಿಯೇ ಕಳಿಸುತ್ತಿದ್ದರು.

"ಹಂಗಾದ್ರ ನಮ್ಮ ಸಂಶಯ ಖರೇನ ಆತು ಬಿಡ್ರಿ" ಎಂದರು ಹಿರೇಮಠರು. ಪೆಟ್ರೋಲ್ ತರುವವನು ಗಂಗಾರಾಮ್. ಅವನು ಗಳಿಗೆಗೊಮ್ಮೆ ಯಂತ್ರ ನಿಲ್ಲಿಸಿ ಮುಚ್ಚಳ ತೆಗೆಯುವುದು ಸಿಸಿಟಿವಿಯಲ್ಲಿ ಕಂಡಿತ್ತಂತೆ. ಪೆಟ್ರೋಲ್ ಕದ್ದು ಸೀಮೆಎಣ್ಣೆ ಬೆರೆಸುತ್ತಾನೆ ಎಂದು ಕಮಿಟಿಯವರ ಗುಮಾನಿ. ಭಾನುವಾರ ಮೀಟಿಂಗ್ ಇದೆ, ಅಂದೇ ಅವನನ್ನು ತೆಗೆದುಹಾಕುತ್ತೇವೆ ಎಂದರು.

ಫೋನ್ ಇಟ್ಟ ಮೇಲೆ ನನಗೆ ಕೂರಲಾಗಲಿಲ್ಲ. ಪೆಟ್ರೋಲ್ ಕೆಟ್ಟದ್ದೇ ಆಗಿದ್ದರೆ ಇಂಜಿನ್ ಮೊದಲ ನಿಮಿಷದಿಂದಲೇ ಹೊಗೆ ಕಾರುತ್ತಾ ಒದ್ದಾಡಬೇಕಲ್ಲ, ಹದಿನೈದು ನಿಮಿಷ ಸುಖವಾಗಿ ಯಾಕೆ ಓಡಬೇಕು? ಇದು ನನಗೆ ಮಾತಾಡುವ ಮೊದಲೇ ಹೊಳೆಯಬೇಕಿತ್ತು.

ಶನಿವಾರ ಬೆಳಿಗ್ಗೆ ಟೂಲ್ ಬ್ಯಾಗ್ ಹಿಡಿದು ನಾನೇ ಮಾಜಿವಾಡಾಕ್ಕೆ ಹೋದೆ. ದಾರಿಯಲ್ಲಿ ನನ್ನ ಕ್ಯಾನಿಗೆ ನಾನೇ ಪೆಟ್ರೋಲ್ ತುಂಬಿಸಿಕೊಂಡೆ. ಗಂಗಾರಾಮ್ ಗೇಟಿನ ಹತ್ತಿರ ಕೈಕಟ್ಟಿ ನಿಂತಿದ್ದ. ನಮಸ್ಕಾರ ಅನ್ನಲಿಲ್ಲ. ನನ್ನ ಪೆಟ್ರೋಲ್ ಹಾಕಿ, ಮುಚ್ಚಳ ತಿರುಗಿಸಿ, ಸ್ಟಾರ್ಟ್ ಮಾಡಿ ವಾಚ್ ನೋಡುತ್ತಾ ನಿಂತೆ. ಹತ್ತನೇ ನಿಮಿಷಕ್ಕೆ ಇಂಜಿನ್ ಎರಡು ಸಲ ಬಿಕ್ಕಿ ನಿಂತಿತು. ನಾನೇ ತಂದ ಪೆಟ್ರೋಲಿನಲ್ಲಿ! ಅಷ್ಟು ಗಲಿಬಿಲಿ ನನಗೆ ವೃತ್ತಿಯಲ್ಲಿ ಎಂದೂ ಆಗಿರಲಿಲ್ಲ. ಹುಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಯಂತ್ರವನ್ನೇ ನೋಡುತ್ತಿದ್ದೆ.

ಗಂಗಾರಾಮ್ ಬಂದು ಬಗ್ಗಿ ಮುಚ್ಚಳ ತಿರುಗಿಸಿದ. 'ಸುಂಯ್' ಎಂದು ಗಾಳಿ ಒಳಕ್ಕೆ ಎಳೆದುಕೊಂಡ ಸದ್ದು. ಮತ್ತೆ ಮುಚ್ಚಿ ಹಗ್ಗ ಎಳೆದ. ಒಂದೇ ಎಳೆತಕ್ಕೆ ಇಂಜಿನ್ ಓಡಿತು.

ಆ ಸದ್ದು ಕೇಳಿದ್ದೇ ನನಗೆ ಹೊಳೆಯಿತು. ಟ್ಯಾಂಕಿನ ಮುಚ್ಚಳದ ನಡುವೆ ಸೂಜಿಮೊನೆಯಷ್ಟು ತೂತಿರುತ್ತದೆ. ಪೆಟ್ರೋಲ್ ಇಳಿದಂತೆ ಅದರ ಜಾಗಕ್ಕೆ ಗಾಳಿ ಬರಲಿ ಎಂದು. ಅದು ಮುಚ್ಚಿದರೆ ಟ್ಯಾಂಕಿನೊಳಗೆ ನಿರ್ವಾತವಾಗಿ, ಪೆಟ್ರೋಲ್ ಕೆಳಗೆ ಇಳಿಯದೆ ಇಂಜಿನ್ ಉಪವಾಸ ಬೀಳುತ್ತದೆ. ಮುಚ್ಚಳ ನೋಡಿದೆ. ತೂತಿನ ಮೇಲೆ, ಸಿಮೆಂಟಿನಂತೆ ಒಣಗಿ ಕೂತಿತ್ತು ನನ್ನ ಗಂಧ, ಅದರ ಮೇಲೆ ನನ್ನದೇ ಕುಂಕುಮದ ಬೊಟ್ಟು. ರಿಪೇರಿಯಾದಾಗಲೆಲ್ಲ ಅದರ ಮೇಲೆ ಇನ್ನೊಂದು ಪದರ ಬಳಿದು ಕಳಿಸಿದ್ದೆ. ನನ್ನ ವರ್ಕ್‌ಶಾಪಿನಲ್ಲಿ ಅದು ನಿಲ್ಲದೇ ಇದ್ದದ್ದಕ್ಕೂ ಕಾರಣ ನಾನೇ. ಖಾಲಿ ಟ್ಯಾಂಕಿನ ಯಂತ್ರಗಳನ್ನು ನಾನು ಗೋಡೆಗೆ ತೂಗುಹಾಕಿದ ಬಾಯಿ ತೆರೆದ ಬಾಟಲಿಯಿಂದ ಪೈಪ್ ಕೊಟ್ಟು ಓಡಿಸುತ್ತಿದ್ದೆ. ಟ್ಯಾಂಕ್ ಪರೀಕ್ಷೆಗೆ ಬಂದೇ ಇರಲಿಲ್ಲ.

ಪಿನ್ನಿನಿಂದ ಗಂಧ ಕೆರೆದೆ. ಆಮೇಲೆ ಯಂತ್ರ ನಲವತ್ತು ನಿಮಿಷ ನಿಲ್ಲದೆ ಓಡಿ, ಜಾರುಬಂಡಿಯ ಸುತ್ತಲಿನ ಹುಲ್ಲೆಲ್ಲ ಮಲಗಿತು. "ಮೀ ಫೋನ್‌ವರ್ ಸಾಂಗಿತಲಂ ಹೋತಂ" ಎಂದ ಗಂಗಾರಾಮ್. ನಾನು ಫೋನಿನಲ್ಲೇ ಹೇಳಿದ್ದೆ ಎಂದು. ಸಿಟ್ಟಿರಲಿಲ್ಲ ಆ ದನಿಯಲ್ಲಿ, ಸಿಟ್ಟಿದ್ದಿದ್ದರೆ ನನಗೆ ಒಳ್ಳೆಯದಿತ್ತು.

ಭಾನುವಾರ ಮೀಟಿಂಗಿಗೆ ಹೋಗಿ ಮುಚ್ಚಳ ಮೇಜಿನ ಮೇಲಿಟ್ಟು, ತಪ್ಪು ನನ್ನದು, ಪೆಟ್ರೋಲಿನದ್ದೂ ಅಲ್ಲ ಗಂಗಾರಾಮನದ್ದೂ ಅಲ್ಲ ಎಂದು ಹೇಳಿದೆ. "ಗಂಧದಿಂದ ಇಂಜಿನ್ ನಿಂದರತೈತೇನ್ರಿ!" ಎಂದು ಹಿರೇಮಠರು ನಕ್ಕರು, ಎಲ್ಲರೂ ನಕ್ಕರು. ಬಾಗಿಲ ಬಳಿ ನಿಂತಿದ್ದ ಗಂಗಾರಾಮ್ ನಗಲಿಲ್ಲ. ಅವನ ಕೆಲಸ ಉಳಿಯಿತು. ಆದರೆ ಆ ದಿನವೇ ಅವನು ಸೆಕ್ರೆಟರಿಗೆ ಹೇಳಿದನಂತೆ, ಇನ್ನು ಪೆಟ್ರೋಲ್ ನಾನು ತರುವುದಿಲ್ಲ ಎಂದು.

ಈಗ ಆ ಯಂತ್ರದ ಸರ್ವೀಸಿಗೆ ನಾನೇ ಮಾಜಿವಾಡಾಕ್ಕೆ ಹೋಗುತ್ತೇನೆ. ಗಂಧ ಬಿಟ್ಟಿಲ್ಲ, ಹ್ಯಾಂಡಲ್ಲಿಗೆ ಹಚ್ಚುತ್ತೇನೆ. ಯಂತ್ರ ನಡೆಸುವವನು ಹೇಳಿದ್ದನ್ನು ಅವನ ಮಾತಿನಲ್ಲೇ ಸರ್ವೀಸ್ ಪುಸ್ತಕದಲ್ಲಿ ಮೊದಲು ಬರೆದುಕೊಳ್ಳುತ್ತೇನೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೇನೆ. ಈ ವೃತ್ತಿ ನನಗೆ ಕಲಿಸಿದ ಪಾಠ ಅದು, ಕಲಿತದ್ದು ತಡವಾಗಿ. ಅಲ್ಲಿ ವಾಚ್‌ಮನ್ ಕ್ಯಾನ್ ತಂದು ಟ್ಯಾಂಕ್ ತುಂಬಿಸಿ ಮುಚ್ಚಳ ಹಾಕುವವರೆಗೂ ಗಂಗಾರಾಮ್ ಹತ್ತು ಹೆಜ್ಜೆ ದೂರದಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಿರುತ್ತಾನೆ.